ನಿಂತ ಗಿರಣಿ, ನೋಡುವ ಕಣ್ಣು

ಉರ್ದುವಿನಲ್ಲಿ ಎರಡು ಪದಗಳಿವೆ. ಒಂದು ತಮಾಷಾ, ಇನ್ನೊಂದು ಇಬ್ರತ್. ತಮಾಷಾ ಕನ್ನಡಕ್ಕೆ ಬಂದು ತಮಾಷೆಯಾಗಿ, ನಗೆಚಾಟಿಕೆಯ ಅರ್ಥ ಪಡೆದುಕೊಂಡಿತು. ಉರ್ದುವಿನಲ್ಲಿ ಅದಕ್ಕೆ ನೋಡಿ ಸಂತೋಷಪಡುವ ನೋಟ ಎಂಬ ಅರ್ಥವಿದೆ. ಇಬ್ರತ್ ಕನ್ನಡಕ್ಕೆ ಬರಲಿಲ್ಲ. ಅದರ ಮೂಲ ಅರಬ್ಬಿಯಲ್ಲಿ 'ದಾಟು' ಎಂಬ ಅರ್ಥದ ಧಾತು. ಕಣ್ಣಿಗೆ ಕಂಡದ್ದರಿಂದ ಕಾಣದಿರುವುದರ ಕಡೆಗೆ ದಾಟಿ, ಅಲ್ಲಿಂದ ಒಂದು ಪಾಠ ಹೊತ್ತು ತರುವುದೇ ಇಬ್ರತ್. ಹಾಳುಬಿದ್ದ ಕೋಟೆಯನ್ನೋ ಗೋರಿಯನ್ನೋ ಕಂಡಾಗ ನಮ್ಮ ಹಿರಿಯರ ಬಾಯಲ್ಲಿ ಬರುತ್ತಿದ್ದ ಮಾತು ಇದು. ಆದರೆ ಒಂದು ಹಳೆಯ ಹತ್ತಿ ಗಿರಣಿಯ ಮುಂದೆ ನಿಂತಾಗ ನಾವು ಈ ಎರಡರಲ್ಲಿ ಯಾವುದನ್ನು ಮಾಡುತ್ತಿರುತ್ತೇವೆ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಮಗ್ಗುಲಲ್ಲೇ, ಸ್ಟೈಯಲ್ ಎಂಬ ಹಳ್ಳಿಯಿದೆ. ಅಲ್ಲಿ ಬಾಲಿನ್ ಎಂಬ ಪುಟ್ಟ ನದಿಯ ದಂಡೆಯಲ್ಲಿ ಕ್ವಾರಿ ಬ್ಯಾಂಕ್ ಗಿರಣಿ. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಎಂಬ ವ್ಯಾಪಾರಿ ಕಟ್ಟಿಸಿದ್ದು. 1939ರಲ್ಲಿ ಗ್ರೆಗ್ ವಂಶದವರು ಅದನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಇಂದು ಅದು ವಸ್ತುಸಂಗ್ರಹಾಲಯ. ಆ ಕಡೆಯಲ್ಲಿ ನೆಲೆಸಿರುವ ಬಂಧುಗಳ ಮನೆಗೆ ಅಕ್ಟೋಬರಿನಲ್ಲಿ ಹೋದರೆ ನಮ್ಮನ್ನು ಇಂಥ ಕಡೆಗೆ ಕರೆದೊಯ್ಯುತ್ತಾರೆ. ನಮ್ಮ ಶರದೃತು ಎಂದರೆ ಮಳೆ ಕಳೆದು ತಿಳಿಯಾದ ಆಕಾಶ. ಅವರದ್ದು ಎಲೆ ಉದುರುವ ಕಾಲ. ಕಣಿವೆಯ ಬೀಚ್ ಮರಗಳು ತಾಮ್ರದ ಬಣ್ಣಕ್ಕೆ ತಿರುಗಿರುತ್ತವೆ. ಕೆಂಪು ಇಟ್ಟಿಗೆಯ ಗೋಡೆ, ಸಾಲು ಕಿಟಕಿ, ಕೆಳಗೆ ಹರಿಯುವ ನೀರು. ಚಿತ್ರ ತೆಗೆಯದೆ ಬರುವವರು ಕಡಿಮೆ.

ಈ ಸೌಂದರ್ಯ ಸುಳ್ಳಲ್ಲ. ಆದರೆ ಅದು ಗಿರಣಿ ನಿಂತ ಮೇಲೆ ಬಂದದ್ದು. ಒಳಗೆ ಕೆಲವು ಮಗ್ಗಗಳನ್ನು ಇಂದಿಗೂ ಓಡಿಸಿ ತೋರಿಸುತ್ತಾರೆ. ಅಷ್ಟಕ್ಕೇ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಹಿಂದೆ ನೂರಾರು ಮಗ್ಗಗಳು ಒಟ್ಟಿಗೆ ಓಡುತ್ತಿದ್ದಾಗ ಲ್ಯಾಂಕಷೈರಿನ ಹೆಂಗಸರು ತುಟಿಯ ಚಲನೆ ನೋಡಿಯೇ ಮಾತು ತಿಳಿಯುವ ಅಭ್ಯಾಸ ಮಾಡಿಕೊಂಡಿದ್ದರು. ಮಾತು ಕೇಳಿಸದ ಆ ಗದ್ದಲವನ್ನು ಎರಡು ನಿಮಿಷ ಕೇಳಿ ಹೊರಬರುವ ಅನುಕೂಲ ನಮಗಿದೆ. ಅವರಿಗೆ ಇರಲಿಲ್ಲ.

ಗಿರಣಿಯಿಂದ ಸ್ವಲ್ಪ ದೂರದಲ್ಲಿ 1790ರಲ್ಲಿ ಕಟ್ಟಿದ ಬಿಳಿಯ ಮನೆಯೊಂದಿದೆ. ಅನಾಥಾಲಯಗಳಿಂದ, ಬಡವರ ಆಶ್ರಯಗಳಿಂದ ಕರಾರು ಬರೆಸಿಕೊಂಡು ತಂದ ಮಕ್ಕಳನ್ನು ಅಲ್ಲಿ ಇರಿಸುತ್ತಿದ್ದರು. ಒಂದು ಕಾಲಕ್ಕೆ ಸುಮಾರು 90 ಮಕ್ಕಳಿದ್ದರು. ಅಂದಿನ ಲೆಕ್ಕದಲ್ಲಿ ಗ್ರೆಗ್ ಕೆಟ್ಟ ಯಜಮಾನನಲ್ಲ. ಮಕ್ಕಳಿಗೆ ಹೊಟ್ಟೆಗೆ ಅಂಬಲಿಯಿತ್ತು, ತೊಡಲು ಬಟ್ಟೆಯಿತ್ತು, ಒಂದಿಷ್ಟು ಓದು ಕಲಿಸುವ ಏರ್ಪಾಡಿತ್ತು. ಪೀಟರ್ ಹಾಲೆಂಡ್ ಎಂಬ ವೈದ್ಯರನ್ನು ಗೊತ್ತುಮಾಡಲಾಗಿತ್ತು. ಕಾರ್ಖಾನೆಯೊಂದು ವೈದ್ಯರನ್ನು ನೇಮಿಸಿಕೊಂಡ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

1806ರಲ್ಲಿ ಜೋಸೆಫ್ ಸೆಫ್ಟನ್ ಮತ್ತು ಥಾಮಸ್ ಪ್ರೀಸ್ಟ್ಲಿ ಎಂಬ ಇಬ್ಬರು ಹುಡುಗರು ಅಲ್ಲಿಂದ ಓಡಿಹೋದರು. ಒಬ್ಬನಿಗೆ 17, ಇನ್ನೊಬ್ಬನಿಗೆ 13. ಲಂಡನ್ನಿನಲ್ಲಿ ಸಿಕ್ಕಿಬಿದ್ದು ನ್ಯಾಯಾಧಿಕಾರಿಗಳ ಮುಂದೆ ಅವರು ಕೊಟ್ಟ ಹೇಳಿಕೆ ಉಳಿದುಬಂದಿದೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ದುಡಿಮೆ. ಚಿಕ್ಕವನ ಎಡಗೈಯ ತೋರುಬೆರಳನ್ನು ಯಂತ್ರದ ಗಾಲಿ ಕಿತ್ತುಕೊಂಡಿತ್ತು. ಹಾಲೆಂಡ್ ವೈದ್ಯರೇ ಅದಕ್ಕೆ ಮದ್ದು ಮಾಡಿದ್ದರು. ಹುಡುಗರು ಯಜಮಾನನನ್ನು ದೂರಲಿಲ್ಲ. ಅವರು ಓಡಿಹೋದದ್ದು ತಾಯಂದಿರನ್ನು ನೋಡಲು.

ಈ ಹೇಳಿಕೆಯ ಮುಂದೆ ನಮ್ಮ ಸುಲಭದ ತೀರ್ಪುಗಳು ನಿಲ್ಲುವುದಿಲ್ಲ. ಗ್ರೆಗ್ ರಾಕ್ಷಸನಾಗಿದ್ದರೆ ಅವನನ್ನು ಬೈದು ನಿರಾಳವಾಗಿ ಮನೆಗೆ ಬರಬಹುದಿತ್ತು. ಅವನು ದಯೆಯುಳ್ಳವನೇ. ಆದರೆ ಆ ದಯೆ ಬೆರಳಿಗೆ ಮದ್ದು ಹಚ್ಚಿತೇ ಹೊರತು ಹದಿಮೂರರ ಹುಡುಗ ಗಾಲಿಯ ಬಳಿ ಏಕಿರಬೇಕು ಎಂದು ಕೇಳಲಿಲ್ಲ. ದಯೆ ಕೊಡುವವನ ಮನಸ್ಸಿನ ಮೇಲೆ ನಿಂತಿದೆ. ನ್ಯಾಯ ಹಾಗಲ್ಲ, ಅದು ಪಡೆಯುವವನ ಹಕ್ಕು. ಒಂಬತ್ತು ವರ್ಷ ತುಂಬದ ಮಕ್ಕಳನ್ನು ಇಂಥ ಗಿರಣಿಗಳಲ್ಲಿ ದುಡಿಸಬಾರದು ಎಂಬ ಮಾತು 1819ರಲ್ಲಿ ಬಂದದ್ದು ಯಜಮಾನರ ಕರುಣೆಯಿಂದಲ್ಲ, ಕಾನೂನಿನಿಂದ.

ಇನ್ನೂ ಒಂದು ಹೆಜ್ಜೆ ದಾಟೋಣ. ಚಕ್ರ ತಿರುಗಿದ್ದು ಬಾಲಿನ್ ನದಿಯ ನೀರಿನಿಂದ ನಿಜ. ಆದರೆ ಹತ್ತಿ ಆ ಕಣಿವೆಯಲ್ಲಿ ಬೆಳೆಯುವುದಿಲ್ಲ. 1860ರ ವೇಳೆಗೆ ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರು ಬಿಡಿಸಿದ್ದು. ಗ್ರೆಗ್ ಕುಟುಂಬಕ್ಕೆ ಡೊಮಿನಿಕಾ ದ್ವೀಪದಲ್ಲಿ ಗುಲಾಮರು ದುಡಿಯುವ ಕಬ್ಬಿನ ತೋಟವೂ ಇತ್ತು. ಬಿಳಿಯ ಮನೆಯ ಮಕ್ಕಳಿಗೆ ಸಿಕ್ಕ ದಯೆ ಸಮುದ್ರ ದಾಟಿ ಅಲ್ಲಿಗೆ ತಲುಪಲಿಲ್ಲ.

ಈ ದಾರಿ ನಮ್ಮ ನಾಡನ್ನೂ ಮುಟ್ಟುತ್ತದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಷೈರಿನ ಕಣ್ಣು ಧಾರವಾಡದ ಕಪ್ಪು ನೆಲದ ಮೇಲೆ ಬಿತ್ತು. 1840ರ ದಶಕದಿಂದಲೇ ಅಲ್ಲಿ ಅಮೆರಿಕದ ತಳಿಯನ್ನು ಬೆಳೆಸಲಾಗುತ್ತಿತ್ತು. ಹತ್ತಿ ಸಾಗಿಸಲು ಕಾರವಾರದ ಬಂದರು ಬೇಕೆಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ತೆಗೆದು ಮುಂಬಯಿಗೆ ಸೇರಿಸಿದರು. ಹತ್ತಿಯ ಬೆಲೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯುತ್ತಲೇ ನೆಲ ಕಚ್ಚಿತು. ದೂರದ ಗಿರಣಿಯ ಹಸಿವಿನ ಮೇಲೆ ನಮ್ಮ ರೈತನ ಏಳುಬೀಳು ತೂಗಿತ್ತು.

ಅದೇ ವರ್ಷಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಒಂದು ಸಂಗತಿಯನ್ನು ಮರೆಯಲಾಗದು. ಗಿರಣಿಗಳು ಮುಚ್ಚಿ ಲಕ್ಷಾಂತರ ಜನ ಗಂಜಿಗೆ ಸಾಲು ನಿಂತಿದ್ದರು. ಗುಲಾಮಗಿರಿಯ ರಾಜ್ಯಗಳು ಗೆದ್ದರೆ ಹತ್ತಿ ಬರುತ್ತದೆ, ಒಲೆ ಉರಿಯುತ್ತದೆ. ಹಾಗೆ ಬಯಸಿದವರೂ ಅಲ್ಲಿ ಇದ್ದರು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ದುಡಿಯುವ ಜನ ಸಭೆ ಸೇರಿ, ಗುಲಾಮರ ಬಿಡುಗಡೆಯ ಪರವಾಗಿ ಲಿಂಕನ್ನರಿಗೆ ಪತ್ರ ಬರೆದರು. 1863ರ ಜನವರಿ 19ರಂದು ಲಿಂಕನ್ ಅವರಿಗೆ ಉತ್ತರ ಬರೆದರು. ಲಿಂಕನ್ನರ ಪ್ರತಿಮೆ ಇಂದೂ ಆ ನಗರದಲ್ಲಿದೆ. ಆ ಜನ ತಾವು ಎಂದೂ ಕಾಣದವರಿಗಾಗಿ ತಮ್ಮ ತುತ್ತನ್ನು ಪಣಕ್ಕಿಟ್ಟರು. ಇಬ್ರತ್ ಎಂದರೆ ಇದೇ ಇರಬೇಕು. ಇನ್ನೂರು ವರ್ಷ ತಡವಾಗಿ ಒಂದು ಬೆರಳಿಗಾಗಿ ಮರುಗುವುದಕ್ಕೆ ನಮಗೆ ಯಾವ ಖರ್ಚೂ ಇಲ್ಲ. ಖರ್ಚಿಲ್ಲದ ಮರುಕ ತಮಾಷಾದಿಂದ ಹೆಚ್ಚು ದೂರದಲ್ಲಿರುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ನೋಟಕ್ಕೂ ಜಾಗ ಉಳಿದಿಲ್ಲ. 1884ರಲ್ಲಿ ಆರಂಭವಾಗಿ ತಲೆಮಾರುಗಳಿಗೆ ಅನ್ನ ಕೊಟ್ಟ ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಎತ್ತರದ ವಸತಿ ಕಟ್ಟಡಗಳಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಇದೆ. ಗಿರಣಿಯನ್ನು ಅಂದಗೊಳಿಸಿ ತೋರಿಸುವುದು ಒಂದು ಬಗೆಯ ಮರೆವಾದರೆ, ಗುರುತೇ ಇಲ್ಲದಂತೆ ಅಳಿಸುವುದು ಇನ್ನೊಂದು ಬಗೆಯದು. ಎರಡರಲ್ಲಿ ಮೊದಲನೆಯದೇ ಮೇಲು. ಅಲ್ಲಿ ಕೇಳುವವನಿಗೆ ಕನಿಷ್ಠ ಒಂದು ಗೋಡೆಯಾದರೂ ಇದೆ.

ಆದ್ದರಿಂದ ಎಲೆ ಉದುರುವ ಕಾಲದಲ್ಲಿ ಆ ಗಿರಣಿಗಳನ್ನು ನೋಡಲು ಹೋಗಬಾರದೆಂದಲ್ಲ. ಹೋಗಬೇಕು, ಮರಗಳನ್ನೂ ನೋಡಬೇಕು. ಜೊತೆಗೆ, ಇಲ್ಲಿ ನಿಂತ ಕೆಲಸ ಎಲ್ಲಿಗೆ ಹೋಯಿತು ಎಂದೂ ಕೇಳಬೇಕು. ಅದು ನಿಂತಿಲ್ಲ, ಊರು ಬದಲಿಸಿದೆ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಗೊತ್ತಾಗಿತ್ತು, ಆದರೂ ಅವರನ್ನು ಕೆಲಸಕ್ಕೆ ಒಳಗೆ ಕಳಿಸಿದ್ದರು. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹಣ ತೆಗೆಯಲು ಬಿಗಿಯಾದ ನಿಯಮ ಬಂದಾಗ ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಸರಕಾರ ಹಿಂದೆ ಸರಿಯಿತು. ಅಂದು ಬಸ್ಸು ತಪ್ಪಿ ಸಿಡುಕಿದವರಲ್ಲಿ ಎಷ್ಟು ಮಂದಿ ತಾವು ತೊಟ್ಟ ಅಂಗಿಯನ್ನು ಹೊಲಿದವರು ಯಾರೆಂದು ಕೇಳಿಕೊಂಡಿದ್ದರು?