ಸಂತಾನ, ಸಖ್ಯ ಮತ್ತು ದಾಂಪತ್ಯದ ಗುರಿ

ದಾಂಪತ್ಯ ನಿಂತಿರುವುದು ಸಂತಾನದ ಮೇಲೋ ಸಖ್ಯದ ಮೇಲೋ ಎಂಬ ಪ್ರಶ್ನೆ ಭಾರತೀಯ ಧರ್ಮಚಿಂತನೆಗೆ ಹೊಸದಲ್ಲವಾದರೂ, ಇಬ್ಬರು ಸ್ತ್ರೀಯರು ಬಾಳಸಂಗಾತಿಗಳಾಗಿ ಬದುಕಲು ಬಯಸಿದಾಗ ಅದಕ್ಕೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಗೆ ಸೇರಿದ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಜನಸಾಮಾನ್ಯರ ನಂಬಿಕೆ ಈ ಪ್ರಶ್ನೆಗೆ ಕೊಟ್ಟ ಉತ್ತರ ಕಣ್ಣಿಗೆ ಕಾಣುವಂತಿದೆ: ಮಕ್ಕಳನ್ನು ಬೇಡಿ, ಅಥವಾ ಹಾವಿಗೆ ಎಸಗಿದ ಅಪಚಾರದಿಂದ ವಂಶಕ್ಕೆ ತಟ್ಟುತ್ತದೆಂದು ನಂಬಲಾದ ಸರ್ಪದೋಷವನ್ನು ಕಳೆದುಕೊಳ್ಳಲು, ಹರಕೆ ಹೊತ್ತ ದಂಪತಿಗಳು ಪ್ರತಿಷ್ಠಾಪಿಸುತ್ತ ಬಂದ ನಾಗರಕಲ್ಲುಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಮದುವೆಯ ಫಲ ಮಗು, ಮಗುವಿನಿಂದ ವಂಶ ಎಂಬ ಈ ತಿಳಿವಳಿಕೆಯೊಳಗೆ ಇಬ್ಬರು ಹೆಂಗಸರ ಒಲವಿಗೆ ಎಡೆಯಿಲ್ಲ.

ವಂಶದ ಈ ಕಾಳಜಿ ಒಂದು ನಾಡಿನದಷ್ಟೇ ಅಲ್ಲ. ಚಾವ್ ಪ್ಲಾನಾಯ್ ಅವರ ಕಾದಂಬರಿಯನ್ನು ಆಧರಿಸಿ, 2022ರ ನವೆಂಬರ್‌ನಿಂದ 2023ರ ಫೆಬ್ರವರಿವರೆಗೆ ಥಾಯ್ಲೆಂಡಿನ ಚಾನೆಲ್ 3ರಲ್ಲಿ ಪ್ರಸಾರವಾಗಿ, ಯೂಟ್ಯೂಬ್ ಮೂಲಕ ಹೊರದೇಶಗಳನ್ನೂ ಮುಟ್ಟಿದ ‘ಗ್ಯಾಪ್’ ಧಾರಾವಾಹಿಯಲ್ಲಿ, ರಾಜಮನೆತನದ ಕವಲೊಂದಕ್ಕೆ ಸೇರಿದ ಸ್ಯಾಮ್ ಮತ್ತು ಸಾಮಾನ್ಯ ಕುಟುಂಬದ ಮೊನ್ ಎಂಬಿಬ್ಬರು ಯುವತಿಯರ ಪ್ರೀತಿಗೆ ಎದುರಾಗಿ ನಿಲ್ಲುವವಳು ಮನೆತನದ ಮರ್ಯಾದೆಯನ್ನು ಕಾಯುವ ಅಜ್ಜಿ. ಅವಳು ಮೊಮ್ಮಗಳಿಗೆ ಗಂಡನ್ನು ಆಗಲೇ ಗೊತ್ತುಮಾಡಿದ್ದಾಳೆ. ಸ್ಯಾಮಳ ಜೊತೆಗೆ ಉಳಿಯುವುದು ಅವಳ ಗೆಳತಿಯರ ಬಳಗ. ಕುಲ ಕೈಬಿಟ್ಟಲ್ಲಿ ಸ್ನೇಹ ಕೈಹಿಡಿಯುತ್ತದೆಂಬ ಈ ಕಥಾಕ್ರಮದಲ್ಲಿ, ಸ್ನೇಹಕ್ಕೆ ಧಾರ್ಮಿಕ ಮೌಲ್ಯವಿದೆಯೇ ಎಂಬ ಪ್ರಶ್ನೆ ಅಡಗಿದೆ.

ಥಾಯ್ಲೆಂಡಿನ ಬಹುಜನರು ಅನುಸರಿಸುವ ಥೇರವಾದ ಬೌದ್ಧಧರ್ಮದಲ್ಲಿ ಇದಕ್ಕೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಹಿಂದಿನ ಜನ್ಮದಲ್ಲಿ ಮಾಡಿದ ಕಾಮದ ತಪ್ಪಿನಿಂದಲೇ ಇಂಥ ಒಲವು ಹುಟ್ಟುತ್ತದೆಂಬ ಕರ್ಮದ ವ್ಯಾಖ್ಯಾನ ಅಲ್ಲಿ ಬಳಕೆಯಲ್ಲಿದ್ದು, ಅದು ಕನಿಕರವನ್ನು ತೋರಿಸುತ್ತಲೇ ವ್ಯಕ್ತಿಯನ್ನು ಕೀಳಾಗಿಸುತ್ತದೆ. ಇನ್ನೊಂದು ಕಡೆ, ಗೃಹಸ್ಥರು ಪಾಲಿಸಬೇಕಾದ ಪಂಚಶೀಲಗಳಲ್ಲಿ ಮೂರನೆಯದಾದ ಕಾಮದ ದುರಾಚಾರದ ನಿಷೇಧವನ್ನು ಪಾಲಿ ಗ್ರಂಥಗಳು ವಿವರಿಸುವಾಗ, ಇನ್ನೊಬ್ಬರ ರಕ್ಷಣೆಯಲ್ಲಿರುವ ಅಥವಾ ಇನ್ನೊಬ್ಬರಿಗೆ ಮಾತುಕೊಟ್ಟಿರುವ ಸ್ತ್ರೀಯರ ವಿಷಯದಲ್ಲಿ ಪುರುಷರು ಎಸಗುವ ದ್ರೋಹವನ್ನೇ ಮುಖ್ಯವಾಗಿ ಎತ್ತಿ ಹೇಳುತ್ತವೆ. ಅಲ್ಲದೆ, ಒಳಿತಿನ ಕಡೆಗೆ ಒಯ್ಯುವ ಒಡನಾಟವೆಂಬ ಅರ್ಥದ ಕಲ್ಯಾಣಮಿತ್ರತೆಯನ್ನು ಶಿಷ್ಯನಾದ ಆನಂದನು ಸಾಧನೆಯ ಅರ್ಧಭಾಗವೆಂದಾಗ, ಬುದ್ಧನು ಅವನನ್ನು ತಿದ್ದಿ ಅದೇ ಸಾಧನೆಯ ಪೂರ್ಣವೆಂದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ.

ಕನ್ನಡದ ಪರಂಪರೆಯಲ್ಲಿ ಇಂಥ ಚರ್ಚೆ ಬಂದಾಗ ಮೊದಲು ನೆನಪಾಗುವುದು ವಚನಕಾರರು. ಒಳಗಿರುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬುದು ಜೇಡರ ದಾಸಿಮಯ್ಯನ ನಿಲುವು. ಭಕ್ತರೆಲ್ಲರೂ ಸತಿಯರು, ಲಿಂಗವೊಂದೇ ಪತಿ ಎನ್ನುವ ‘ಶರಣಸತಿ–ಲಿಂಗಪತಿ’ ಭಾವದಲ್ಲಿ ಗಂಡಸಾದ ಶರಣನೂ ಹೆಣ್ಣಿನ ಹೃದಯವನ್ನು ತಳೆಯುತ್ತಾನೆ. ಆದರೆ ಆತ್ಮಕ್ಕೆ ಲಿಂಗಭೇದವಿಲ್ಲವೆಂಬ ತತ್ತ್ವದಿಂದ ಸ್ತ್ರೀಯರಿಬ್ಬರ ಪ್ರೇಮಕ್ಕೆ ನೇರವಾಗಿ ಸಮ್ಮತಿ ಪಡೆಯಲು ಹೊರಡುವುದು ಅವಸರದ ತರ್ಕ. ಆ ತತ್ತ್ವ ದೇಹವನ್ನು ದಾಟಲು ಹೇಳುತ್ತದೆಯೇ ಹೊರತು ದೇಹದ ಒಲವನ್ನು ಮಾನ್ಯ ಮಾಡುವುದಿಲ್ಲ. ಪ್ರೇಮಿಗಳಿಗಾದರೋ ಒಲಿದವಳ ಮುಖ, ದನಿ, ಸ್ಪರ್ಶಗಳು ಮುಖ್ಯ. ದೇಹವನ್ನು ನಗಣ್ಯವಾಗಿಸಿ ಕೊಡುವ ಸಮ್ಮತಿ ಅವರಿಗೆ ಸಂದಂತಾಗುವುದಿಲ್ಲ.

ಹೆಚ್ಚು ಗಟ್ಟಿಯಾದ ನೆಲೆ ವಿವಾಹವಿಧಿಯಲ್ಲಿಯೇ ಇದೆ. ವಧೂವರರು ಒಟ್ಟಾಗಿ ಏಳು ಹೆಜ್ಜೆ ಇಡುವ ಸಪ್ತಪದಿಗೆ ಆಶ್ವಲಾಯನ ಗೃಹ್ಯಸೂತ್ರ ಕೊಡುವ ಕ್ರಮದಲ್ಲಿ ಅನ್ನ, ಬಲ, ಸಂಪತ್ತು, ಸುಖಗಳ ನಂತರ ಐದನೆಯ ಹೆಜ್ಜೆ ಸಂತಾನಕ್ಕೆ, ಆರನೆಯದು ಋತುಗಳಿಗೆ, ಕೊನೆಯದಾದ ಏಳನೆಯದು ಸಖ್ಯಕ್ಕೆ ಮೀಸಲು. ಸೂತ್ರಕಾರನ ಮನಸ್ಸಿನಲ್ಲಿ ಇಬ್ಬರು ಸ್ತ್ರೀಯರ ಮದುವೆ ಇರಲಿಲ್ಲವೆಂಬುದು ನಿಜ. ಕನ್ಯೆಯರ ನಡುವಿನ ಸಂಬಂಧಕ್ಕೆ ಮನುಸ್ಮೃತಿ ದಂಡವನ್ನೂ ವಿಧಿಸಿದೆ. ಆದರೂ ವಿಧಿ ಪೂರ್ಣಗೊಳ್ಳುವುದು ಸಂತಾನದಲ್ಲಲ್ಲ, ಸಖ್ಯದಲ್ಲಿ ಎಂಬುದನ್ನು ತಳ್ಳಿಹಾಕಲಾಗದು. ಘಾಟಿಗೆ ಹರಕೆ ಹೊತ್ತು ಬರುವವರು ಮಗುವಾಗುವ ಮೊದಲೇ ದಂಪತಿಗಳು, ಮಗುವಾಗದಿದ್ದರೂ ದಂಪತಿಗಳಾಗಿಯೇ ಊರಿಗೆ ಮರಳುವವರು. ಬಂಜೆಯಾದ ಹೆಂಡತಿಯಿದ್ದರೆ ಎಂಟನೆಯ ವರ್ಷದಲ್ಲಿ ಮತ್ತೊಬ್ಬಳನ್ನು ಮದುವೆಯಾಗಬಹುದೆಂದು ಮನು ಹೇಳಿದ್ದರೆ, 1955ರ ಹಿಂದೂ ವಿವಾಹ ಕಾಯ್ದೆ ಬಹುಪತ್ನಿತ್ವವನ್ನು ನಿಷೇಧಿಸಿದ್ದಲ್ಲದೆ, ಮಕ್ಕಳಾಗದಿರುವುದನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸಲಿಲ್ಲ. ಅಂದರೆ ಸಮಾಜ ಪುರುಷ–ಸ್ತ್ರೀಯರ ಮಟ್ಟಿಗೆ ದಾಂಪತ್ಯದ ಆಧಾರವನ್ನು ಐದನೆಯ ಹೆಜ್ಜೆಯಿಂದ ಏಳನೆಯ ಹೆಜ್ಜೆಗೆ ಆಗಲೇ ಸರಿಸಿದೆ.

ಸಖ್ಯವೇ ಆಧಾರವಾದರೆ ಆ ಇಬ್ಬರೂ ಗೆಳತಿಯರಾಗಿಯೇ ಉಳಿಯಬಹುದಲ್ಲವೇ ಎಂಬ ಆಕ್ಷೇಪ ಸಹಜ. ಸಪ್ತಪದಿಯ ಸಖ್ಯವು ಕಾಮವನ್ನು ಹೊರಗಿಟ್ಟ ಸ್ನೇಹವಲ್ಲ, ಕಾಮವನ್ನು ನಂಬಿಕೆ ಮತ್ತು ಹೊಣೆಗಾರಿಕೆಗಳೊಳಗೆ ತರುವ ಸ್ನೇಹ ಎಂಬುದೇ ಅದಕ್ಕೆ ಉತ್ತರ. ಆ ಹೊಣೆಯನ್ನು ಹೊರಲು ಸಿದ್ಧರಾದವರಿಗೆ ಬರಿಯ ಗೆಳತಿಯರೆಂಬ ಹೆಸರು ಕೊಟ್ಟು ಸುಮ್ಮನಾಗಿಸುವುದು ನ್ಯಾಯವಲ್ಲ.

ಥಾಯ್ಲೆಂಡಿನಲ್ಲಿ 2025ರ ಜನವರಿ 23ರಂದು ಸಮಾನ ವಿವಾಹ ಕಾನೂನು ಜಾರಿಗೆ ಬಂತು. ಭಾರತದಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿದರೂ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ವಿವಾಹದ ಹಕ್ಕನ್ನು ಒಪ್ಪದೆ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಶಾಸಕಾಂಗ ಏನನ್ನೇ ನಿರ್ಧರಿಸಲಿ, ಧರ್ಮದ ಹೆಸರಿನಲ್ಲಿ ವಿರೋಧಿಸುವವರು ತಮ್ಮ ವಿವಾಹವಿಧಿಯ ಕೊನೆಯ ಹೆಜ್ಜೆಗೆ ಮೊದಲು ಉತ್ತರಿಸಬೇಕು.