ಎಚ್ಚರ ಎಂಬ ಮಾತು

ಭಕ್ತಾದಿಗಳೇ, ಬೆಟ್ಟ ಹತ್ತುವಾಗ ತಿರುವುಗಳಲ್ಲಿ ‘ಎಚ್ಚರಿಕೆ’ ಎಂದು ಬರೆದ ಬೋರ್ಡುಗಳನ್ನು ತಾವೆಲ್ಲ ನೋಡಿರುತ್ತೀರಿ. ಶಿವರಾತ್ರಿ ಕಳೆದ ಮಾರನೇ ದಿವಸ ‘ರಾತ್ರಿಯೆಲ್ಲ ಎಚ್ಚರ ಇದ್ದೆವು’ ಅಂತಲೂ ಹೇಳುತ್ತೀರಿ. ಎರಡೂ ಕಡೆ ಮಾತು ಒಂದೇ. ಅರ್ಥವೂ ಒಂದೇನಾ ಎಂಬುದು ನನ್ನನ್ನು ಬಹಳ ವರ್ಷದಿಂದ ಕಾಡಿದ ಪ್ರಶ್ನೆ.

ಹಳಗನ್ನಡದಲ್ಲಿ ಇದು ‘ಎೞ್ಚರ್’ ಎಂದಿತ್ತು. ನಡುವೆ ಇರುವ ‘ೞ’ ಈಗ ನಮ್ಮ ಬಳಕೆಯಲ್ಲಿಲ್ಲ. ‘ಕೞ್ತೆ’ ಹೋಗಿ ‘ಕತ್ತೆ’ ಆದ ಹಾಗೆ ಇಲ್ಲೂ ಅದು ಕರಗಿ ‘ಎಚ್ಚರ’ ಆಯಿತು. ಮೂಲದಲ್ಲಿರುವುದು ‘ಏಳು’ ಎಂಬ ಕ್ರಿಯಾಪದ. ಏಳು, ಎಬ್ಬಿಸು, ಎಚ್ಚರ ಇವೆಲ್ಲ ಒಂದೇ ತಾಯಿಯ ಮಕ್ಕಳು. ಸಂಸ್ಕೃತದಲ್ಲೂ ಹೀಗೇ, ‘ಜಾಗೃ’ ಎಂಬ ಒಂದೇ ಧಾತುವಿನಿಂದ ನಿದ್ದೆಗೆಡುವ ಜಾಗರಣೆಯೂ ಬಂತು, ನೋಡಿ ನಡೆಯುವ ಜಾಗ್ರತೆಯೂ ಬಂತು. ಪಾರ್ಸಿಯಿಂದ ಬಂದ ‘ಹುಷಾರು’ ಕೂಡ ಪ್ರಜ್ಞೆ ಎಂಬರ್ಥದ ‘ಹೋಷ್’ನಿಂದ ಹುಟ್ಟಿದ್ದು. (ನಾವು ಕನ್ನಡದವರು ಅದನ್ನು ಜ್ವರಕ್ಕೂ ಸೇರಿಸಿ ‘ಹುಷಾರಿಲ್ಲ’ ಅನ್ನುತ್ತೇವೆ, ಅದು ಬೇರೆ ವಿಷಯ.) ‘ಎಚ್ಚರ ತಪ್ಪಿ ಬಿದ್ದ’ ಅಂದರೆ ಮೂರ್ಛೆ ಹೋದನೋ, ನೋಡದೆ ಕಾಲಿಟ್ಟನೋ, ಕೇಳಿದವರು ತಿಳಿದುಕೊಳ್ಳಬೇಕು.

ಹಾಗಾದರೆ ನಿದ್ದೆ ಮಾಡದವನೆಲ್ಲ ಎಚ್ಚರ ಇದ್ದಾನೆ ಅನ್ನಬಹುದೇ? ಮಹಾಭಾರತದ ಉದ್ಯೋಗಪರ್ವದಲ್ಲಿ ‘ಪ್ರಜಾಗರ’ ಅಂತಲೇ ಒಂದು ಭಾಗ ಇದೆ. ಸಂಜಯ ಪಾಂಡವರ ಹತ್ತಿರ ಹೋಗಿ ಬಂದ ರಾತ್ರಿ ಧೃತರಾಷ್ಟ್ರನಿಗೆ ನಿದ್ದೆ ಹತ್ತುವುದಿಲ್ಲ. ವಿದುರನನ್ನು ಕರೆಸುತ್ತಾನೆ. ವಿದುರ ನೀತಿಯೆಲ್ಲ ಹೇಳುತ್ತಾನೆ. ಆಮೇಲೆ ಸನತ್ಸುಜಾತರು ಬಂದು ಪ್ರಮಾದವೇ, ಅಂದರೆ ಮೈಮರೆವೇ, ಮೃತ್ಯು ಎಂದು ಬೋಧಿಸುತ್ತಾರೆ. ಧೃತರಾಷ್ಟ್ರ ತೂಕಡಿಸಲಿಲ್ಲ, ಎಲ್ಲ ಕೇಳಿಸಿಕೊಂಡ, ಒಳ್ಳೇ ಮಾತು ಅಂತಲೂ ಒಪ್ಪಿದ. ಬೆಳಗಾದ ಮೇಲೆ ಮಗನನ್ನು ತಡೆಯಲಿಲ್ಲ. ಅವನಂಥ ಜಾಗರಣೆ ಯಾರು ಮಾಡಿದ್ದಾರೆ ಹೇಳಿ! ಪುರಾಣ ಕೇಳುವಾಗ ನಾನು ಅವನನ್ನು ಬೈಯುತ್ತಿದ್ದೆ. ಈಗ ಬೈಯಲು ಬಾಯಿ ಬರುವುದಿಲ್ಲ.

ಒಂದು ಶಿವರಾತ್ರಿ, ಎರಡನೇ ಯಾಮದ ಪೂಜೆ ನಡೀತಿತ್ತು. ನಾನು ಸೇವಾ ರಸೀತಿ ಕೌಂಟರಿನಲ್ಲಿದ್ದೆ. ಒಬ್ಬ ಅಜ್ಜಿ ಕಿಂಡಿಗೆ ಬಂದು, “ಅಪ್ಪಾ, ಜನದಾಗೆ ಮಗ ಕೈತಪ್ಪಿ ಹೋದ, ಸ್ವಲ್ಪ ನೋಡಪ್ಪ” ಅಂದರು. ತಲೆ ಎತ್ತದೆ, “ಬರ್ತಾನೆ ಅಜ್ಜಿ, ಆ ಕಂಬದ ಹತ್ರ ಕೂತ್ಕೊಳ್ಳಿ, ಸಾಲು ಬಿಡಿ” ಅಂದೆ. ಬೆಳಗಿನವರೆಗೂ ರೆಪ್ಪೆ ಮುಚ್ಚಲಿಲ್ಲ. ಲೆಕ್ಕ ಒಪ್ಪಿಸಿದಾಗ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇರಲಿಲ್ಲ, ಅದಕ್ಕೆ ಒಳಗೊಳಗೇ ಜಂಬವೂ ಆಯಿತು.

ಹೊರಗೆ ಬಂದರೆ ಅಜ್ಜಿ ಅದೇ ಕಂಬಕ್ಕೆ ಒರಗಿ ಚಳಿಗೆ ನಡುಗುತ್ತಾ ಕೂತಿದ್ದರು. ಮಗ ಪಾಪ ಮೆಟ್ಟಿಲ ಕೆಳಗೆ, ಬಸ್ ಸ್ಟ್ಯಾಂಡಿನಲ್ಲಿ ರಾತ್ರಿಯೆಲ್ಲ ಹುಡುಕಿದ್ದಾನೆ. ಮೈಕು ನನ್ನ ಪಕ್ಕದ ಕೋಣೆಯಲ್ಲೇ ಇತ್ತು. ಹೆಸರು ಕೂಗಿದ್ದರೆ ಐದು ನಿಮಿಷದ ಕೆಲಸ. ಅವರ ಮಾತು ನನ್ನ ಕಿವಿಗೆ ಬೀಳಲಿಲ್ಲ ಅನ್ನುವ ಹಾಗಿಲ್ಲ, ಉತ್ತರ ಕೊಟ್ಟವನೇ ನಾನು.

ಅಜ್ಜಿ ಬೈಯಲಿಲ್ಲ. “ನೀನೂ ರಾತ್ರಿಯೆಲ್ಲ ಎದ್ದಿದ್ದೀಯಲ್ಲಪ್ಪ, ಹೋಗಿ ಮಲಕ್ಕೋ” ಅಂದರು.

ಜಾತ್ರೆ ದಿವಸಗಳಲ್ಲಿ ಈಗ ಮೈಕನ್ನು ಕೌಂಟರಿನ ಒಳಗೇ ಇಟ್ಟುಕೊಳ್ಳುತ್ತೇನೆ. ತಮ್ಮ ಕಡೆಯವರು ಯಾರಾದರೂ ಕೈತಪ್ಪಿದರೆ ದಯವಿಟ್ಟು ಸಾಲಿನಲ್ಲಿ ನಿಲ್ಲಬೇಡಿ, ನೇರವಾಗಿ ಕಿಂಡಿಗೆ ಬನ್ನಿ. ನಾನು ತಲೆ ಎತ್ತದಿದ್ದರೆ ಕಿಂಡಿ ಬಡಿಯಿರಿ.