ಸಮುದ್ರತಲದ ಋಣ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತಿರುವನೆಂದು ಶಾಸ್ತ್ರವು ಹೇಳುತ್ತದೆ. ಇವು ಕೊಟ್ಟವರಿಗೆ ಸಲ್ಲತಕ್ಕವು. ಇನ್ನೂ ಹುಟ್ಟದವರಿಗೂ ಅವನು ಋಣಿಯೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಡಲತೀರವೊಂದು ಈ ಪ್ರಶ್ನೆಯನ್ನು ಮುಂದಿಡುತ್ತದೆ.

ಅಲ್ಲಿಯ ಸಮ್ಮರ್‌ಲ್ಯಾಂಡಿನಲ್ಲಿ ಕಲ್ಲೆಣ್ಣೆಗಾಗಿ ತೋಡಿದ ಬಾವಿಗಳ ಪೈಕಿ ಕಡಲಿಗೆ ಸಮೀಪವಾದವುಗಳೇ ಹೆಚ್ಚು ಎಣ್ಣೆಯನ್ನಿತ್ತವು. ಆದುದರಿಂದ ೧೮೯೭ರ ಸುಮಾರಿಗೆ ಜನರು ನೀರಿನೊಳಕ್ಕೆ ಮರದ ಧಕ್ಕೆಗಳನ್ನು ಚಾಚಿ, ಅವುಗಳ ಮೇಲಿನಿಂದ ಸಮುದ್ರತಲವನ್ನೇ ಕೊರೆದರು. ಕಡಲೊಳಗಿನ ತೈಲಶೋಧನೆಯ ಮೊದಲ ಹೆಜ್ಜೆಗಳಲ್ಲಿ ಇದೊಂದು. ಕೆಲವೇ ವರ್ಷಗಳಲ್ಲಿ ನೂರಾರು ಬಾವಿಗಳಾದವು. ಒಂದೊಂದರ ಉತ್ಪತ್ತಿಯಾದರೋ ಅಲ್ಪ. ಎಣ್ಣೆಯು ಕ್ಷೀಣಿಸಲು ಒಡೆಯರು ಹೊರಟುಹೋದರು. ಅನೇಕ ಬಾವಿಗಳ ಬಾಯನ್ನು ಸರಿಯಾಗಿ ಮುಚ್ಚಿದವರಿಲ್ಲ. ಶತಮಾನ ಕಳೆದರೂ ಎಣ್ಣೆ ಒಸರಿ ತೀರವನ್ನು ಮಲಿನಗೊಳಿಸಿತು. ಅಂಥದೊಂದಾದ ಬೆಕರ್ ಬಾವಿಯನ್ನು ೨೦೧೮ರಲ್ಲಿ ಸರಕಾರವು ಪ್ರಜೆಗಳ ಹಣದಿಂದ ಮುಚ್ಚಿಸಬೇಕಾಯಿತು.

ತೋಡಿದವರು ದುಷ್ಟರಲ್ಲ, ತೈಲಬಾವಿಗಳಿಗೆ ಆ ರಾಜ್ಯವು ಮೇಲ್ವಿಚಾರಕನನ್ನು ನೇಮಿಸಿದುದೇ ೧೯೧೫ರಲ್ಲಿ. ಆದರೆ ರಾಜಶಾಸನವಿಲ್ಲದೆಡೆಯಲ್ಲಿ ಧರ್ಮವೂ ಇಲ್ಲವೆನ್ನಲಾದೀತೆ? ಪತ್ರವಿಲ್ಲವೆಂದ ಮಾತ್ರಕ್ಕೆ ಸಾಲವು ಅಳಿಯದು. ಅದು ಬೆಳಕನ್ನು ಕಾಣದ ಮರಿಮಕ್ಕಳ ಹೆಸರಿಗೆ ಏರುತ್ತದೆ. ಫಲವನ್ನು ಉಂಡವನೇ ಬಾವಿಯ ಬಾಯನ್ನೂ ಮುಚ್ಚಿ ಹೋಗತಕ್ಕದ್ದು. ನಾಲ್ಕನೆಯ ಋಣವೆಂದರೆ ಇದೇ.